ಹೆಸರಿಲ್ಲದ ಚೀಟಿ

ಅಕ್ಕನ ಮನೆಯಿಂದ
ಮಂಗಳವಾರ, ಮಾರ್ಚ್ ೧೮

ಎದುರು ಮೇಜಿನವನಿಗೆ,

ಪ್ರಿಯ ಎಂದು ಬರೆದು ಹೊಡೆದುಹಾಕಿದ ಹಾಳೆ ಕಸದ ಬುಟ್ಟಿಯಲ್ಲಿದೆ. ಹನ್ನೊಂದು ವರ್ಷ ನಿನ್ನ ಮುಖವನ್ನು ಎರಡು ಕಂಪ್ಯೂಟರುಗಳ ನಡುವಿನ ಸಂದಿಯಲ್ಲಿ ನೋಡಿಕೊಂಡು ಕೆಲಸ ಮಾಡಿದವಳು ನಾನು. ಗಂಡ ಹೆಂಡತಿ ಅನ್ನುವುದನ್ನು ಪಕ್ಕಕ್ಕಿಟ್ಟು ಸದ್ಯಕ್ಕೆ ಅಷ್ಟೇ ಸಂಬಂಧ ಅಂದುಕೊಳ್ಳೋಣ. ಕುಶಲ ಕೇಳುವುದಿಲ್ಲ. ಒಂದೇ ಒಂದು ಕೆಲಸ ಹೇಳುವುದಕ್ಕೆ ಬರೆಯುತ್ತಿದ್ದೇನೆ. ನಮ್ಮ ಸ್ಟುಡಿಯೋದ ವೆಬ್‌ಸೈಟಿನಲ್ಲಿ ನನ್ನ ಕಿವಿಯ ಬಗ್ಗೆ ನೀನು ಹಾಕಿರುವ ಲೇಖನವನ್ನು ಈ ಶುಕ್ರವಾರದೊಳಗೆ ತೆಗೆ. ಮೆಸೇಜಿನಲ್ಲಿ ಎರಡು ಸಲ ಕೇಳಿದೆ. ಎರಡು ಸಲವೂ, ಅದನ್ನು ಓದಿ ಎಷ್ಟು ಜನಕ್ಕೆ ಧೈರ್ಯ ಬಂದಿದೆ ನೋಡು ಎಂದು ಉತ್ತರ ಕಳಿಸಿದೆ. ಅವರ ಧೈರ್ಯಕ್ಕೆ ನನ್ನ ಕಿವಿಯೇ ಬೇಕಾಗಿತ್ತೇ?

ವೆಬ್‌ಸೈಟಿನಲ್ಲಿ ನಾವು ಹಾಕುವ ಶುಕ್ರವಾರದ ಪಟ್ಟಿ ಹೇಗೆ ಶುರುವಾಯಿತು ಎಂಬುದು ನಿನಗೆ ಮರೆತಂತಿದೆ, ನೆನಪಿಸುತ್ತೇನೆ. ಸ್ಟುಡಿಯೋ ಅಂದರೆ ಆಗ ನಾವಿಬ್ಬರು, ಒಂದು ಪ್ರಿಂಟರು, ಲಾಂಡ್ರಿ ಅಂಗಡಿಯ ಮೇಲಿನ ಒಂದು ಕೋಣೆ. ಲೋಗೋ ಮಾಡಿಸಿಕೊಳ್ಳಲು ನರಪಿಳ್ಳೆಯೂ ಮೆಟ್ಟಿಲು ಹತ್ತದಿದ್ದಾಗ, ನಮಗೆ ಕಂಡದ್ದು ಕೇಳಿಸಿದ್ದನ್ನಾದರೂ ನಾಲ್ಕು ಜನಕ್ಕೆ ಹೇಳೋಣ ಎಂದು ಹೊರಟೆವು. ವಾರಕ್ಕೊಂದು ಹಾಡು, ಒಂದು ವೆಬ್‌ಸೈಟು, ಓದಿದ್ದೋ ನೋಡಿದ್ದೋ ಇನ್ನೊಂದು. ಆಮೇಲೆ ವೆಬ್‌ಸೈಟ್ ಕಟ್ಟುವ ಮೌನಿ ಬಂದ, ಫೋಟೋದವಳು ಬಂದಳು. ಶುಕ್ರವಾರ ನಾಲ್ಕು ಗಂಟೆಗೆ ಎಲ್ಲರೂ ಬಿಸ್ಕತ್ತಿನ ಡಬ್ಬಕ್ಕೆ ಚೀಟಿ ಹಾಕುವುದು, ಹಾಡಿನ ಚೀಟಿಗಳಲ್ಲಿ ಒಂದನ್ನು ನಾನು ಎತ್ತಿ ಅದರ ಬಗ್ಗೆ ಮೂರು ಸಾಲು ಬರೆಯುವುದು. ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತಲೇ ಬರೆಯುವುದು. ಚೀಟಿಯ ಮೇಲೂ ಹೆಸರು ಬೇಡ, ಪಟ್ಟಿಯ ಕೆಳಗೂ ಬೇಡ ಎಂಬ ನಿಯಮ ನನ್ನದೇ. ಹೆಸರು ಗೊತ್ತಾದರೆ ಮುಲಾಜಿಗೆ ಬೀಳುತ್ತೇವೆ ಎಂದಿದ್ದೆ. ನೀನು ಚಪ್ಪಾಳೆ ತಟ್ಟಿ ಒಪ್ಪಿದ್ದೆ.

ಎರಡು ವರ್ಷದಿಂದ ನನ್ನ ಕಿವಿ ಮಂದವಾಗುತ್ತ ಬಂತು. ಮೊದಲು ಹೋದದ್ದು ಸಣ್ಣ ಸದ್ದುಗಳು. ಕಾಲಿಂಗ್ ಬೆಲ್ಲು, ಲೋಟದಲ್ಲಿ ಚಮಚ ತಿರುಗುವುದು, ತಂತಿವಾದ್ಯದ ಮೇಲಿನ ಸ್ವರಗಳು. ಡಾಕ್ಟರು ಪರೀಕ್ಷೆ ಮಾಡಿ ಎಷ್ಟು ಕೇಳಿಸುತ್ತದೆ ಎಂದು ಗೀಟೆಳೆದು ತೋರಿಸುವ ಒಂದು ನಕ್ಷೆಯ ಕಾಗದ ಕೊಟ್ಟು, ಇನ್ನೂ ಇಳಿಯುತ್ತದೆ ಅಂದರು. ಅದನ್ನು ಅಕ್ಷರದ ಮಾದರಿಗಳ ಡ್ರಾಯರಿನಲ್ಲಿ ತಳಕ್ಕೆ ತುರುಕಿದೆ. ನಿನಗೆ ಯಾಕೆ ಹೇಳಲಿಲ್ಲ ಎಂದು ಜಗಳದ ದಿನ ಕೇಳಿದೆಯಲ್ಲ. ನಮ್ಮಪ್ಪನಿಗೂ ಹೀಗೇ ಆಗಿತ್ತು. ಅವರ ಬೆನ್ನ ಹಿಂದೆ ನಿಂತು ನಾನೂ ಅಕ್ಕನೂ ಅಪ್ಪಾ ಅಪ್ಪಾ ಎಂದು ಪಿಸುಗುಟ್ಟಿ, ಅವರು ತಿರುಗದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಒಂದು ದಿನ ಅವರು ಕನ್ನಡಿಯಲ್ಲಿ ನಮ್ಮನ್ನು ನೋಡಿದರು. ಪೇಪರು ಮಡಿಸಿಕೊಂಡು ಒಳಗೆ ಹೋದರು. ಆ ಕನ್ನಡಿಯೊಳಗಿನ ಮುಖ ನನಗೆ ಬರಬಾರದು ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಪಟ್ಟಿಯನ್ನು ಮಾತ್ರ ಬಿಡಲಿಲ್ಲ. ಪರದೆಯ ಮೇಲೆ ಹಾಡಿನ ಅಲೆ ಮೂಡುತ್ತದಲ್ಲ, ಏರಿಳಿತದ ಗೀಟುಗಳು, ಅದನ್ನು ನೋಡಿ ಬರೆಯತೊಡಗಿದೆ. ಅಕ್ಷರ ಬರೆದು ಬದುಕುವವಳಿಗೆ ಗೀಟು ಓದುವುದು ಕಷ್ಟವೇ? ಸ್ಪೀಕರಿನ ಮೇಲೆ ಅಂಗೈ ಇಡುತ್ತಿದ್ದೆ, ಕೆಳಗೆ ಜನ ಬರೆದ ಕಾಮೆಂಟುಗಳನ್ನು ಕದಿಯುತ್ತಿದ್ದೆ. ಒಂದು ವರ್ಷ ಯಾರಿಗೂ ಸುಳಿವು ಹತ್ತಲಿಲ್ಲ. ಕಿವಿ ಅಂದ್ರೆ ನಿಮ್ದು ಕಣ್ರೀ ಎಂದು ನಮ್ಮ ಗಿರಾಕಿ, ಔಷಧಿ ಕಂಪನಿಯ ದಪ್ಪ ಮ್ಯಾನೇಜರು ಹೊಗಳಿದಾಗ ಎಲ್ಲರ ಮುಂದೆ ಥ್ಯಾಂಕ್ಸ್ ಅಂದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜನವರಿ ಕೊನೆಯ ಶುಕ್ರವಾರ ಎತ್ತಿದ ಚೀಟಿ ಟೈಪ್ ಮಾಡಿದ್ದು. ಕೇಳರಿಯದ ಕಲಾವಿದ, ಬರೀ ಕೀಬೋರ್ಡು, ನಾಲ್ಕು ನಿಮಿಷ. ಅದಕ್ಕೆ ಒಂದು ಕಾಮೆಂಟೂ ಇರಲಿಲ್ಲ. ಅಲೆ ನೋಡಿದರೆ ಸಣ್ಣಗೆ, ಸಪ್ಪಗೆ, ಉದ್ದಕ್ಕೂ ಒಂದೇ ಥರ. ನನಗೆ ಕೇಳಿಸಿದ್ದು ಬಾಗಿಲಿನಾಚೆ ಯಾರೋ ನಡೆದಂತೆ ದಬ್ ದಬ್ ಅಷ್ಟೇ. ಬರೆದೆ: "ಬೀಗ ಹಾಕಿದ ಮನೆಯಲ್ಲಿ ಫ್ರಿಜ್ಜು ತನ್ನಷ್ಟಕ್ಕೆ ಗುನುಗಿದಂತಿದೆ. ನಾಲ್ಕು ನಿಮಿಷದ ಈ ಹಾಡಿನಲ್ಲಿ ಮನುಷ್ಯರೇ ಇಲ್ಲ. ಮಾಡಿದವರಿಗೆ ಬೇರೆ ಕೆಲಸವಿದ್ದರೆ ಅದನ್ನೇ ಮುಂದುವರಿಸಲಿ." ಓದುಗರು ಕುಣಿದಾಡಿದರು. ಫ್ರಿಜ್ಜಿನ ಚಿತ್ರ ಹಾಕಿದರು, ಫ್ರಿಜ್ಜು ಭಾಗವತರು ಎಂದು ಅಡ್ಡಹೆಸರು ಇಟ್ಟರು. ಸಂಜೆ ನೀನು ಬ್ಯಾಗು ಹೆಗಲಿಗೇರಿಸುತ್ತ, ಆ ಹಾಡು ಪೂರ್ತಿ ಕೇಳಿದ್ಯಾ ಎಂದು ಕೇಳಿದೆ. ಎರಡು ಸಲ ಕೇಳಿದೆ ಎಂದೆ. ಸರಿ ಬಿಡು ಎಂದು ದೀಪ ಆರಿಸಿದೆ.

ಆ ಎರಡು ಸಲ ಎಂಬ ಮಾತು ಸುಳ್ಳು. ಒಪ್ಪಿಕೊಳ್ಳುತ್ತೇನೆ. ಆದರೆ ನೀನು ಮಾಡಿದ್ದೇನು?

ಮೂರು ವಾರಕ್ಕೆ ಡ್ರಾಯರಿನಲ್ಲಿ ಆ ಕಾಗದ ನಿನ್ನ ಕೈಗೆ ಸಿಕ್ಕಿತು. ನನ್ನನ್ನು ಕರೆದು ಕೂರಿಸಿಕೊಂಡು ಇದೇನು ಎಂದು ಕೇಳಲಿಲ್ಲ. "ಕೇಳಿಸದಿದ್ದರೂ ಕೇಳುವವಳು" ಎಂದು ತಲೆಬರಹ ಕೊಟ್ಟು ಲೇಖನ ಬರೆದೆ. ನನ್ನ ನಿಯಮ ಮುರಿದು ನನ್ನ ಹೆಸರು ಹಾಕಿದೆ. ಆ ನಕ್ಷೆಯನ್ನು ಮತ್ತೆ ಚಿತ್ರಿಸಿ, ನಮ್ಮ ಸ್ಟುಡಿಯೋದ ನೀಲಿ ತುಂಬಿ, ಪುಟದ ಅಗಲಕ್ಕೂ ಹಾಸಿದೆ. ನನ್ನ ಕಿವಿ ಎಡದಿಂದ ಬಲಕ್ಕೆ ಇಳಿಜಾರಾಗಿ ಇಳಿದುಹೋಗುವುದನ್ನು ಇಡೀ ಜಗತ್ತು ನೋಡಿತು. ಬಹಳ ಚಂದ ಮಾಡಿದ್ದೀಯ, ಅದೇ ಸಂಕಟ. ಯಾವ ದಪ್ಪದ ಗೀಟು ಎಂದು ನಾಲ್ಕು ಸಲವಾದರೂ ಬದಲಾಯಿಸಿ ನೋಡಿರುತ್ತೀಯ, ನಿನ್ನ ಕೈ ನನಗೆ ಗೊತ್ತು. ಆಗಲೂ ಒಂದು ಸಲ ಪರದೆಯ ಪಕ್ಕಕ್ಕೆ ತಲೆ ಬಗ್ಗಿಸಿ ನನ್ನನ್ನು ನೋಡಬೇಕು ಅನ್ನಿಸಲಿಲ್ಲವೇ?

ಅಕ್ಕ ಅದನ್ನು ಬಸ್ಸಿನಲ್ಲಿ ಕೂತು ಫೋನಿನಲ್ಲಿ ಓದಿದಳು. ನಂಗೂ ಹೇಳ್ಲಿಲ್ವಲ್ಲೇ, ಊರಿಗೆಲ್ಲಾ ಗೊತ್ತಾದ್ಮೇಲೆ ನಂಗೆ ಗೊತ್ತಾಗ್ಬೇಕಾ ಎಂದು ಬಂದು ಅತ್ತಳು. ಸೋಮವಾರ ಮೀಟಿಂಗಿನಲ್ಲಿ ಅದೇ ದಪ್ಪ ಮ್ಯಾನೇಜರು ಬಾಯಿಯನ್ನು ಗುಹೆಯಷ್ಟು ತೆರೆದು, ಒಂದೊಂದೇ ಪದ ಬಿಡಿಸಿ, ನಿಮಗೆ, ಬಣ್ಣ, ಓಕೇನಾ ಎಂದು ಕೂಗಿದ. ಬಣ್ಣಕ್ಕೂ ಕಿವಿಗೂ ಏನು ಸಂಬಂಧವೋ! ಮೌನಿ ತಲೆ ತಗ್ಗಿಸಿದ. ನೀನು ಹೆಮ್ಮೆಯಿಂದ ಕೂತಿದ್ದೆ. ಅಂದು ನನಗೆ ಅಪ್ಪನ ಮುಖ ಬಂದುಬಿಟ್ಟಿತು, ಕನ್ನಡಿ ಬೇಕಾಗಲಿಲ್ಲ.

ಮನೆಗೆ ಬಂದು ನಾನು ಕೂಗಾಡಿದಾಗ ನಿನ್ನ ಬಾಯಿಂದ ನಿಜ ಬಿತ್ತು. ಅದು ನನ್ನ ಹಾಡು ಕಣೇ, ನಿಂಗದು ಕೇಳಿಸೇ ಇರ್ಲಿಲ್ಲ ಅಂತ ಜನಕ್ಕೆ ಗೊತ್ತಾಗ್ಬೇಡ್ವಾ ಎಂದೆ. ಎರಡು ವರ್ಷ ದಿನಾ ಬೆಳಿಗ್ಗೆ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ನೀನು ಹಳೆಯ ಕೀಬೋರ್ಡು ನುಡಿಸುತ್ತಿದ್ದೆಯಂತೆ. ನಾನು ಅಡುಗೆಮನೆಯಲ್ಲಿದ್ದೂ ಒಂದು ಮಾತು ಆಡಲಿಲ್ಲವಂತೆ. ನಿನಗದು ತಾತ್ಸಾರವಾಗಿ ಕಂಡಿತಂತೆ. ನೀನು ಮೇಲ್ ನೋಡುತ್ತಿದ್ದೀಯ ಎಂದುಕೊಂಡಿದ್ದೆನಪ್ಪಾ ನಾನು! ಒಂದೇ ಮನೆಯಲ್ಲಿ ಒಬ್ಬರು ಬಾಯಿ ಬಿಡಲಿಲ್ಲ, ಇನ್ನೊಬ್ಬರಿಗೆ ಕಿವಿ ಇರಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ಇಬ್ಬರೂ ಕೂತು ನಗಬಹುದಿತ್ತು. ನಿನ್ನ ಹಾಡಿನ ಮಾನ ಉಳಿಸಲು ನೀನು ನನ್ನ ಕಿವಿಯನ್ನು ಬೀದಿಗಿಟ್ಟೆ. ಅದಕ್ಕೆ ಧೈರ್ಯ ತುಂಬುವುದು ಎಂದು ಹೆಸರು ಕೊಟ್ಟೆ. ನನ್ನ ಹೊಟ್ಟೆ ಉರಿಯುವುದು ಈ ಎರಡನೆಯದಕ್ಕೆ.

ಶುಕ್ರವಾರ ನಾಲ್ಕು ಗಂಟೆಗೆ ನೋಡುತ್ತೇನೆ. ಲೇಖನ ಇಲ್ಲದಿದ್ದರೆ ಸೋಮವಾರ ಮೇಜಿಗೆ ಬರುತ್ತೇನೆ. ಮೇಜಿಗೆ ಮಾತ್ರ, ಮನೆಯ ಮಾತು ಆಮೇಲೆ. ಇದ್ದರೆ, ನನ್ನ ಅಕ್ಷರಗಳ ಫೈಲುಗಳನ್ನು ಮೌನಿಯ ಕೈಲಿ ಕಳಿಸಿಕೊಡು, ನೀನು ಬರಬೇಡ. ನಿನ್ನ ಹಾಡನ್ನು ನಾನಿನ್ನೂ ಕೇಳಿಲ್ಲ. ಕೇಳುವ ಆಸೆಯೂ ಇಲ್ಲ.

ಇಂತು,
ಎದುರು ಮೇಜಿನವಳು

ಮರೆತ ಮಾತು: ಹಾಡು ಕೇಳಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕಿವಿಗೆ ಮೆಷಿನ್ ಹಾಕಿಸಿಕೊಂಡು ಐದು ದಿನವಾಯಿತು. ಎಲ್ಲರೂ ತಗಡಿನ ಡಬ್ಬದೊಳಗೆ ಕೂತು ಮಾತಾಡಿದಂತಿದೆ. ನಿನ್ನೆ ಅಕ್ಕ ಕೆಲಸಕ್ಕೆ ಹೋದ ಮೇಲೆ ಹಾಡು ಹಾಕಿದೆ. ಎರಡು ನಿಮಿಷ ದಾಟಿದ ಮೇಲೆ ಸ್ವರಗಳ ಹಿಂದೆ, ದೂರದಲ್ಲಿ, ಒಂದು ಹೆಣ್ಣಿನ ದನಿ. ಟೀ ಆರೋಗ್ತಾ ಇದೆ, ಬಾರೋ ಎನ್ನುತ್ತಾಳೆ. ಯಾರಪ್ಪಾ ಇವಳು ಇಷ್ಟು ಗಟ್ಟಿಯಾಗಿ ಅರಚುವವಳು ಎಂದು ಹಿಂದಕ್ಕೆ ಒಯ್ದು ಮತ್ತೆ ಕೇಳಿದೆ. ನಾನೇ. ನೀನು ಅದನ್ನು ಕತ್ತರಿಸಿಲ್ಲ. ಅವಳ ಮಾತು ಮುಗಿಯುವವರೆಗೆ ಬೆರಳು ತಡೆದು, ಆಮೇಲೆ ಮುಂದುವರಿಸಿದ್ದೀಯ. ಈ ಹಾಡಿನಲ್ಲಿ ಮನುಷ್ಯರೇ ಇಲ್ಲ ಎಂದು ನಾನು ಬರೆದದ್ದು ತಪ್ಪು. ಪಟ್ಟಿಯಲ್ಲಿ ತಿದ್ದುಪಡಿ ಹಾಕು. ಹೆಸರು ಹಾಕಬೇಡ.