ಒಂಬತ್ತನೇ ಪ್ರಶ್ನೆಗೆ ಎರಡು ಗುರುತು

ಮಕ್ಕಳ ಕಲ್ಯಾಣ ಕಚೇರಿಯ ಮುಖ್ಯಾಧಿಕಾರಿಗಳೇ,

ಒಂಬತ್ತನೇ ಪ್ರಶ್ನೆಗೆ ನಾನು ಹಾಕಿರುವ ಎರಡು ಗುರುತುಗಳಲ್ಲಿ ಒಂದನ್ನು ಹದಿನೈದು ದಿನದೊಳಗೆ ಹೊಡೆದುಹಾಕಬೇಕು, ಇಲ್ಲವಾದರೆ ಕಡತ ಮುಚ್ಚಲಾಗುವುದು ಎಂಬ ತಮ್ಮ ನೋಟಿಸು ತಲುಪಿತು. ನಾನು ಹೊಡೆದುಹಾಕುವುದಿಲ್ಲ. ಯಾಕೆಂದು ಪತ್ರಿಕೆಯ ಮೂಲಕ ಊರಿಗೆಲ್ಲ ಕೇಳುವಂತೆ ಹೇಳುತ್ತೇನೆ, ಏಕೆಂದರೆ ತಮಗೆ ಖಾಸಗಿಯಾಗಿ ಬರೆದ ಎರಡು ಪತ್ರಗಳಿಗೆ ಇನ್ನೂ ಉತ್ತರ ಬಂದಿಲ್ಲ.

ಓದುಗರಿಗಾಗಿ ಆ ಪ್ರಶ್ನೆಯನ್ನು ಇಲ್ಲಿ ಕೊಡುತ್ತಿದ್ದೇನೆ. ಬಯಸದೆ ಬಸಿರಾದವರು ಮೊದಲ ಭೇಟಿಯಲ್ಲೇ ತುಂಬಬೇಕಾದ ನೀಲಿ ಅರ್ಜಿಯಲ್ಲಿ ಹೀಗಿದೆ: 'ಮಗು: ಬೇಕು / ಬೇಡ. ಅನ್ವಯಿಸುವ ಚೌಕದಲ್ಲಿ ಗುರುತು ಹಾಕಿ.' ಬೇಕು ಎಂದರೆ ಸಾಕುವವರ ವಿಭಾಗ, ಬೇಡ ಎಂದರೆ ದತ್ತು ಕೊಡುವವರ ವಿಭಾಗ. ಮನೆಗೆ ಬಂದವರಿಗೆ ಚಹಾ ಬೇಕೇ ಎಂದು ಕೇಳಿದರೂ 'ಇರಲಿ, ಆಮೇಲೆ ನೋಡೋಣ' ಎನ್ನಲು ನಾವು ಬಿಡುತ್ತೇವೆ. ತಮ್ಮ ಕಚೇರಿಯಲ್ಲಿ ಮಗುವಿಗೆ ಅಷ್ಟೂ ಸವಲತ್ತಿಲ್ಲವೇ?

ನಾನು ಕಾರು ಕಲಿಸುವವಳು. ವಯಸ್ಸು ಮೂವತ್ತೊಂಬತ್ತು. ಕಲಿಯುವವರ ಪಕ್ಕ ಕೂತು, ನನ್ನ ಕಾಲಡಿಯ ಇನ್ನೊಂದು ಬ್ರೇಕಿನಿಂದ ಹದಿನಾರು ವರ್ಷ ಊರನ್ನು ಕಾಪಾಡಿದ್ದೇನೆ. ನನ್ನದೇ ವಿಷಯದಲ್ಲಿ ಮಾತ್ರ ಪೆಡಲು ಹುಡುಕುವಷ್ಟರಲ್ಲಿ ನಾಲ್ಕನೇ ತಿಂಗಳಾಗಿತ್ತು. ಮದುವೆಯ ಮಾತಾಡುತ್ತಿದ್ದ ಮಹಾಶಯ ಸುದ್ದಿ ಕೇಳಿದ ಮೂರನೇ ದಿನಕ್ಕೆ ಮನೆ, ಕೆಲಸ, ಫೋನ್ ನಂಬರು ಮೂರನ್ನೂ ಬದಲಾಯಿಸಿ ಕೈಕೊಟ್ಟ. ಆ ಚುರುಕು ತಮ್ಮ ಕಚೇರಿಗೆ ಬಂದಿದ್ದರೆ ನಾಡು ಉದ್ಧಾರವಾಗುತ್ತಿತ್ತು. ಎರಡು ಕೋಣೆಯ ಮನೆಯಲ್ಲಿ ಈಗ ನಾನು, ಮಂಡಿನೋವಿನ ಅಮ್ಮ, ಮತ್ತು ಒಳಗಿರುವ ಇವನೋ ಇವಳೋ. ಒಂದು ಲಾಭವಾಗಿದೆ: ನನ್ನ ಹೊಟ್ಟೆ ನೋಡಿದ ಮೇಲೆ ಶಿಷ್ಯರೆಲ್ಲ ಬ್ರೇಕನ್ನು ಮೆತ್ತಗೆ ಒತ್ತಲು ಕಲಿತಿದ್ದಾರೆ.

ಕೌಂಟರಿನಲ್ಲಿ ನಾನು ನಿಜವನ್ನೇ ಹೇಳಿದೆ. ಇನ್ನೂ ಯೋಚಿಸುತ್ತಿದ್ದೇನೆ, ಯೋಚಿಸಲು ಸಹಾಯ ಬೇಕೆಂದೇ ಬಂದಿದ್ದೇನೆ ಎಂದೆ. ಗುಮಾಸ್ತೆ ಒಳ್ಳೆಯ ಹೆಂಗಸೇ. ಆದರೆ ಒಂಬತ್ತನೇ ಪ್ರಶ್ನೆ ತುಂಬದೆ ಕಡತ ತೆರೆಯುವಂತಿಲ್ಲ, ಕಡತ ತೆರೆಯದೆ ಯಾರೂ ನನ್ನ ಜೊತೆ ಮಾತಾಡುವಂತಿಲ್ಲವಂತೆ. "ಅಡ್ಡಗೋಡೆ ಮೇಲೆ ದೀಪ ಇಡಬೇಡಿ ಮೇಡಂ. ಯಾವುದಾದ್ರೂ ಒಂದಕ್ಕೆ ಹಾಕಿ, ಹಿಂದೆ ಜನ ಇದ್ದಾರೆ" ಎಂದಳು. ತಿರುಗಿ ನೋಡಿದರೆ ಹನ್ನೊಂದು ಜನ. ನಾನು ಎರಡಕ್ಕೂ ಹಾಕಿ ಕೊಟ್ಟೆ. ಆಕೆ ನೋಡದೆ ಮೊಹರು ಒತ್ತಿದಳು.

ಹೀಗೆ ಒಬ್ಬಳೇ ನಾನು ತಮ್ಮಲ್ಲಿ ಎರಡು ಕಡತವಾದೆ. ಗುರುವಾರ ಸಂಜೆ ನಾಲ್ಕಕ್ಕೆ ಎರಡು ವಿಭಾಗದಿಂದ ಇಬ್ಬರು ಹೆಂಗಸರು ಒಟ್ಟಿಗೆ ಮೆಟ್ಟಿಲು ಹತ್ತಿ ಬಂದರು. ಒಬ್ಬರ ಕೈಯಲ್ಲಿ ಸ್ನಾನ ಮಾಡಿಸುವುದನ್ನು ಕಲಿಸಲು ಒಂದು ಪ್ಲಾಸ್ಟಿಕ್ ಮಗು. ಇನ್ನೊಬ್ಬರ ಕೈಯಲ್ಲಿ ಮಗುವಿಗಾಗಿ ಕಾದಿರುವ ದಂಪತಿಗಳ ಆಲ್ಬಂ. ನಾನಿನ್ನೂ ಕೆಲಸದಿಂದ ಬಂದಿರಲಿಲ್ಲ. ಓಡಿಹೋದವನ ಅಕ್ಕಂದಿರು ರಾಜಿಗೆ ಬಂದಿದ್ದಾರೆಂದು ತಪ್ಪು ತಿಳಿದ ಅಮ್ಮ, ಅವರನ್ನು ಕೂರಿಸಿ, ಚಹಾ ಕೊಟ್ಟು, ಅವರ ಇಡೀ ವಂಶವನ್ನು ಹತ್ತು ನಿಮಿಷ ಬೆಂಡೆತ್ತಿದಳು. ಪಾಪ, ಇಬ್ಬರೂ ಆ ಗೊಂಬೆಯನ್ನು ನಡುವೆ ಮಲಗಿಸಿಕೊಂಡು ತಲೆ ತಗ್ಗಿಸಿ ಕೇಳಿಸಿಕೊಂಡರಂತೆ. ಸರ್ಕಾರಿ ನೌಕರರು ಅಷ್ಟು ತಾಳ್ಮೆಯಿಂದ ಕೇಳಿಸಿಕೊಂಡಿದ್ದನ್ನು ನೋಡುವ ಭಾಗ್ಯ ನನಗೆ ತಪ್ಪಿತು.

ಆದರೆ ನಂಬಿ, ಆ ಎಡವಟ್ಟಿನಿಂದಲೇ ನನಗೆ ಮೊದಲ ಬಾರಿಗೆ ಸರಿಯಾಗಿ ಯೋಚಿಸಲು ಆಯಿತು. ನಾನು ಮನೆ ಸೇರಿ, ಬಂದವರು ಯಾರೆಂದು ಅಮ್ಮನಿಗೂ ತಿಳಿದ ಮೇಲೆ, ದಿನಕ್ಕೆ ಎಂಟು ಗಂಟೆ ರಸ್ತೆಯಲ್ಲಿರುವವಳು ಒಬ್ಬಳೇ ಸಾಕಬಹುದೇ ಎಂದು ಗೊಂಬೆಯವರನ್ನು ಕೇಳಿದೆ. ಮೊದಲ ವರ್ಷ ಜೀವ ಹಿಂಡುತ್ತದೆ, ಆದರೆ ಆಗದ ಮಾತಲ್ಲ ಎಂದು ಹೇಳಿ ಹತ್ತಿರದ ಶಿಶುಪಾಲನಾ ಕೇಂದ್ರದ ವಿಳಾಸ ಬರೆದುಕೊಟ್ಟರು. ಕೊಟ್ಟ ಮೇಲೆ ಮಗುವನ್ನು ನೋಡಬಹುದೇ ಎಂದು ಆಲ್ಬಮ್ಮಿನವರನ್ನು ಕೇಳಿದೆ. ಕೆಲವರು ಫೋಟೋ ಕಳಿಸುತ್ತಾರೆ, ಕೆಲವರು ಕಳಿಸುವುದಿಲ್ಲ, ಮೊದಲೇ ಕೇಳಿಕೊಳ್ಳಬೇಕು ಎಂದರು. ಒಬ್ಬರ ಮಾತನ್ನು ಇನ್ನೊಬ್ಬರು ತಡೆಯಲಿಲ್ಲ. ನನ್ನ ಸ್ಥಿತಿ ಹೀಗಿದೆ: ಬೆಳಿಗ್ಗೆ ಎಂಜಿನ್ ಶುರುವಾದ ಕೂಡಲೇ ಒಳಗಿನಿಂದ ಒದೆ ಬೀಳುತ್ತದೆ, ಆಗ ಇದನ್ನು ಯಾರಿಗೂ ಕೊಡಲಾರೆ ಅನ್ನಿಸುತ್ತದೆ. ಸಂಜೆ ಅಮ್ಮ ಗೋಡೆ ಹಿಡಿದು ಏಳುವುದನ್ನು ನೋಡಿದಾಗ, ಆಲ್ಬಮ್ಮಿನ ನಾಲ್ಕನೇ ಪುಟದಲ್ಲಿ ಫೋಟೋದ ಅರ್ಧಭಾಗವನ್ನು ನಾಯಿಗೆ ಬಿಟ್ಟುಕೊಟ್ಟು ನಗುತ್ತಿರುವ ಗಂಡಹೆಂಡತಿಯ ಮನೆಯೇ ಇದಕ್ಕೆ ಒಳ್ಳೆಯದೇನೋ ಅನ್ನಿಸುತ್ತದೆ. ಎರಡೂ ಹೊತ್ತಿನಲ್ಲಿ ನನಗೆ ಭಯವಾಗುತ್ತದೆ. ಇವುಗಳಲ್ಲಿ ಯಾವುದು 'ಬೇಡ', ಹೇಳಿ?

ಅವರು ಹೊರಡುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿದೆ. "ನಾಳೆ ಈ ಮಗು ದೊಡ್ಡದಾಗಿ ನಿಮ್ಮ ಕಚೇರಿಗೆ ಬಂದು ನನ್ನ ಹೆತ್ತವಳು ಯಾರು, ಏನಂದ್ಲು ಅಂತ ಕೇಳಿದ್ರೆ, ಏನು ತೋರಿಸ್ತೀರಿ?"

ಆಲ್ಬಮ್ಮಿನವರು ಲೋಟ ಕೆಳಗಿಟ್ಟರು. "ನೀಲಿ ಅರ್ಜಿ ತೋರಿಸ್ತೀವಿ."

"ಅಷ್ಟೇನಾ?"

"ನಮ್ಮ ಹತ್ರ ಇರೋದು ಅಷ್ಟೇಮ್ಮಾ."

ಅಂದರೆ ಮುಂದೊಂದು ದಿನ, ಬಹುಶಃ ನನ್ನದೇ ಮೊಂಡು ಮೂಗು ಹೊತ್ತ ಒಬ್ಬರು ತಮ್ಮ ಕೌಂಟರಿನ ಮುಂದೆ, ಹನ್ನೊಂದು ಜನರ ಹಿಂದೆ ನಿಂತು, ಕೊನೆಗೆ ಕಾಗದ ಕೈಗೆ ಬಂದಾಗ ಓದುವುದು ಒಂದೇ ಮಾತು: ಬೇಡ. ಪಕ್ಕದಲ್ಲಿ ನನ್ನ ಸಹಿ, ಮೇಲೆ ತಮ್ಮ ಮೊಹರು. ಸ್ವಾಮಿ, ನನ್ನ ಮನೆಯಲ್ಲಿ ನಡೆದದ್ದು ಅದಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ನಿಂತು ನೋಡದೆ ನುಗ್ಗುವವರನ್ನು ನಾನು ಪರೀಕ್ಷೆಗೆ ಕಳಿಸುವುದಿಲ್ಲ. ತಾವು ನಿಂತು ನೋಡಿದವಳಿಗೇ ನೋಟಿಸು ಕೊಟ್ಟಿದ್ದೀರಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಸರ್ಕಾರಿ ಕಚೇರಿಗಳಿಗೆ ಅನ್ವಯಿಸುವ ದಿನ ಬಂದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಹೆರಿಗೆಯಾಗಿ ನಾನು ಎದ್ದು ಕೂರುವವರೆಗೆ ಉತ್ತರ ಕೇಳಬೇಡಿ. ಅಲ್ಲಿಯವರೆಗೆ ನನ್ನಂಥವರ ಮನೆಗೆಲ್ಲ ಆ ಇಬ್ಬರನ್ನೂ ಒಟ್ಟಿಗೇ ಕಳಿಸಿ. ಒಂಬತ್ತನೇ ಪ್ರಶ್ನೆಯಿಂದ 'ಬೇಡ'ವನ್ನು ತೆಗೆದುಹಾಕಿ, ಆ ಜಾಗದಲ್ಲಿ ಮೂರು ಖಾಲಿ ಗೆರೆ ಬಿಡಿ. ಮಗು ನನ್ನ ಬಳಿಯೇ ಉಳಿಯಲಿ, ನಾಲ್ಕನೇ ಪುಟಕ್ಕೆ ಹೋಗಲಿ, ನಾನು ಅಲ್ಲಿ ಬರೆಯುವುದು ಇದನ್ನೇ: 'ನಿನ್ನನ್ನು ಬೇಡ ಎಂದವರು ಈ ಮನೆಯಲ್ಲಿ ಯಾರೂ ಇರಲಿಲ್ಲ. ನಿನಗೆ ಯಾವುದು ಒಳ್ಳೆಯದೆಂದು ನಿನ್ನ ಅಮ್ಮ ಒಂಬತ್ತು ತಿಂಗಳು ಯೋಚಿಸಿದಳು. ನಿನ್ನ ಅಜ್ಜಿಯಂತೂ ನಿನ್ನ ಪರವಾಗಿ ಇಬ್ಬರು ಸರ್ಕಾರಿ ನೌಕರರನ್ನು ಬೈದಳು.'

ಇಂತಿ,
ಎರಡು ಗುರುತು ಹಾಕಿ ಸಿಕ್ಕಿಬಿದ್ದ, ಸೀಟು ಹಿಂದೆ ಸರಿಸಲು ಇನ್ನು ಜಾಗವೇ ಉಳಿಯದ,
ಏಳು ತಿಂಗಳ ಬಸುರಿ ಡ್ರೈವಿಂಗ್ ಟೀಚರ್