ಅಳತೆ ಕೊಡದ ಸ್ವೆಟರ್

ಡಿಸೆಂಬರ್ 9, ಮಂಗಳವಾರ

ಹಾಳು ಸ್ವೆಟರ್, ಕತ್ತಿಗೆ ಚುಚ್ಚುತ್ತಿದೆ. ಆದರೂ ತೆಗೆಯಲು ಮನಸ್ಸಿಲ್ಲ, ಬೆಚ್ಚಗಿದೆ.

ಸಂಜೆ ಆಫೀಸಿಗೆ ಬೀಗ ಹಾಕುವ ಹೊತ್ತಿಗೆ ಮುದುಕಿ ವಕ್ಕರಿಸಿದಳು. ಈ ನಟಿಗೆ ಎಷ್ಟೋ ವರ್ಷಗಳಿಂದ ನಾನೇ ಏಜೆಂಟ್. ಇಷ್ಟು ದಿನ ಕೊಡಿಸಿದ್ದು ಗುಂಪಿನಲ್ಲಿ ನಿಲ್ಲುವ ಕೆಲಸ ಮಾತ್ರ. ಈಗ ಸಿನಿಮಾದಲ್ಲಿ ಅಜ್ಜಿಯ ಪಾತ್ರ ಕೊಡಿಸಿದೆನೆಂದು ತಾನೇ ಹೆಣೆದ ಸ್ವೆಟರ್ ತಂದಿದ್ದಳು.

"ನಂಗೆ ಮಾತು ಜಾಸ್ತಿ ಇದೆಯೇನಪ್ಪಾ?"

"ಎಲ್ರೂ ನಿಮ್ಮ ಬಗ್ಗೇನೇ ಮಾತಾಡ್ತಾರಮ್ಮ. ಕಥೆ ಶುರುವಾಗೋದೇ ನಿಮ್ಮಿಂದ."

ಸುಳ್ಳೇನಲ್ಲ. ಮೊದಲ ದೃಶ್ಯದಲ್ಲೇ ಅಜ್ಜಿಯ ಹೆಣ ನಡುಮನೆಯಲ್ಲಿ ಮಲಗಿರುತ್ತದೆ. ಅವಳ ಫೋಟೋ ನೋಡಿ ನಿರ್ದೇಶಕ, "ಮೇಕಪ್ ಖರ್ಚೂ ಉಳೀತು" ಎಂದು ನಕ್ಕಿದ್ದ. ನಾನು ಅವನಿಗಿಂತ ಜೋರಾಗಿ ನಕ್ಕಿದ್ದೆ.

"ನಿನ್ನ ಎಡಭುಜ ಚೂರು ಇಳಿದಿದೆ ನೋಡು, ಅದಕ್ಕೆ ಆ ಕಡೆ ಬೇರೆ ಥರ ಹೆಣೆದಿದೀನಿ," ಎಂದಳು. ನನ್ನ ಹೆಂಡತಿಗೂ ಗೊತ್ತಿಲ್ಲದ ವಿಷಯ. ನನ್ನೆದುರು ಕೂತು ಕಾಯುವುದು ಬಿಟ್ಟರೆ ಮುದುಕಿಗೆ ಬೇರೆ ಕೆಲಸವನ್ನಾದರೂ ನಾನು ಎಲ್ಲಿ ಕೊಟ್ಟಿದ್ದೆ!

ನಾಳೆ ಫೋನ್ ಮಾಡಿ ನಿಜ ಹೇಳಿಬಿಡಲೇ? ಉಸಿರು ಬಿಗಿಹಿಡಿದು ಮಲಗುವ ಅಭ್ಯಾಸವನ್ನಾದರೂ ಮಾಡಿಕೊಳ್ಳಲಿ.

ಬೇಡ. ಈ ಚಳಿಯಲ್ಲಿ ಸ್ವೆಟರ್ ವಾಪಸ್ ಕೇಳಿದರೆ?