ಮಾಳಿಂಗಪ್ಪನ ಮೇಲೆ ಹೊರಿಸಿದ್ದು

ಪಾಮನಕಲ್ಲೂರು
೯ ಆಗಸ್ಟ್ ೨೦೨೫

ಪ್ರೀತಿಯ ಸಕೀನಾ,

ನಿನ್ನ ಮಂಡಿನೋವು ಹೇಗಿದೆ ಎಂದು ಕೇಳಿ ಪತ್ರ ಶುರುಮಾಡಬೇಕೆಂದಿದ್ದೆ. ಆದರೆ ಇದನ್ನು ಓದಿದ ಮೇಲೆ ನಾನು ಕ್ಷೇಮ ಕೇಳುವುದೂ ನಿನಗೆ ಬೇಡವಾದೀತು.

ನೀನು ಮಸ್ಕಿಯಿಂದ ಕಳಿಸಿದ ಹುಡುಗಿ ದೀಪಿಕಾ ಹೋದ ವಾರ ಬಂದಿದ್ದಳು. ಸಿಂಧನೂರಿನಲ್ಲಿ ಕಾಲೇಜು ಓದುತ್ತಾಳಂತೆ. ನಿಜಾಮನ ಕೊನೆಗಾಲದ ಗಲಭೆ ಕಂಡವರ ನೆನಪುಗಳನ್ನು ರೆಕಾರ್ಡ್ ಮಾಡಿ ಇಡುತ್ತಾಳಂತೆ. ಮೊಬೈಲನ್ನು ನನ್ನ ಮುಂದಿಟ್ಟಳು. ನಾನು ಹೇಳಿದೆ: ಮೊದಲು ರಜಾಕಾರರು ಊರು ಸುಲಿದದ್ದು, ಆಮೇಲೆ ಮಿಲಿಟರಿ ಬಂದದ್ದು, ಅದರ ಬೆನ್ನಿಗೇ ಸೇಡಿನ ಗುಂಪುಗಳು ಏನೂ ಅರಿಯದ ಮುಸಲ್ಮಾನರನ್ನು ಹುಡುಕಿಕೊಂಡು ಬಂದದ್ದು. ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ನಿನ್ನ ಅಪ್ಪ ಬುಡ್ಡೇಸಾಬರನ್ನೂ ಅಣ್ಣ ಹುಸೇನನನ್ನೂ ನನ್ನಪ್ಪ ನಮ್ಮ ಹಗೇವಿನಲ್ಲಿ, ಜೋಳ ತುಂಬುವ ಆ ನೆಲದ ಕುಣಿಯಲ್ಲಿ, ಬಚ್ಚಿಟ್ಟದ್ದು. ನಾಲ್ಕನೆಯ ದಿನ ಗುಂಪು ಅವರನ್ನು ಹೊರಗೆಳೆದು ಬಾವಿಯ ಬಳಿ ಕಡಿದದ್ದು.

“ಹಗೇವು ಯಾರು ತೋರಿಸಿದ್ರು ಅಮ್ಮಾ?” ಎಂದಳು.

“ಕುರಿ ಕಾಯೋ ಮಾಳಿಂಗಪ್ಪ,” ಎಂದೆ. ಎಪ್ಪತ್ತೇಳು ವರ್ಷ ಹೇಳಿದ್ದನ್ನೇ ಹೇಳಿದೆ.

ಹುಡುಗಿ ಮೊಬೈಲ್ ಆರಿಸಿದಳು. “ಅಂವ ನಮ್ಮಪ್ಪನ ಮುತ್ತ್ಯಾ ರೀ. ಮಸ್ಕ್ಯಾಗ ಸಕೀನಾಬೀನೂ ಅದ ಹೆಸರು ಹೇಳಿದ್ರು. ನಿಮ್ಮ ಬಾಯಿಂದರ ಬ್ಯಾರೆ ಬರ್ತೈತೇನೋ ಅಂತ ಬಂದೆ,” ಎಂದಳು ಮಾಳಿಂಗಪ್ಪನ ಆ ಮರಿಮಗಳು.

ಸಕೀನಾ, ಆ ಕೊಲೆಗಳಾದ ಮೇಲೆ ಊರು ಮಾಳಿಂಗಪ್ಪನಿಗೆ ನೀರು ಮುಟ್ಟಗೊಡಲಿಲ್ಲ. ಅವನ ಹೆಂಡತಿ ಗ್ಯಾನಮ್ಮ ಎರಡು ದಿನ ಹೆರಿಗೆ ನೋವು ತಿಂದರೂ ಸೂಲಗಿತ್ತಿ ಹೋಗಲಿಲ್ಲ. ತಾಯಿ, ಕೂಸು ಇಬ್ಬರೂ ಸತ್ತರು. ನಿನ್ನ ಅವ್ವ ಆ ಹೆಣ ಹೋದ ದಾರಿಗೆ ಉಗುಳಿದ್ದು ನಿನಗೂ ನೆನಪಿರಬೇಕು. ಉಳಿದ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನು ಗೊರೇಬಾಳಕ್ಕೆ ಹೊರಟ. ಹೋಗುವಾಗ ನಮ್ಮ ಬಾಗಿಲಿಗೆ ಬಂದು, “ಕಲ್ಯಾಣೀ, ನೀ ಅಲ್ಲೇ ಇದ್ದೆಲ್ಲವ್ವಾ, ಒಂದ್ ಮಾತು ಹೇಳಬೇ,” ಎಂದು ಬೇಡಿಕೊಂಡ. ನಾನು ಅವ್ವನ ಸೆರಗಿನ ಹಿಂದೆ ಸರಿದೆ.

ಹಗೇವು ತೋರಿಸಿದವಳು ನಾನು.

ನನಗಾಗ ಒಂಬತ್ತು ವರ್ಷ. ಅಪ್ಪನ ಕುತ್ತಿಗೆಗೆ ಕತ್ತಿ ಇಟ್ಟಿದ್ದರು. ಹೆದರಿ ಬೆರಳು ಮಾಡಿಬಿಟ್ಟೆ. ನನ್ನನ್ನು ಉಳಿಸಲು ಅಪ್ಪ ಮಾಳಿಂಗಪ್ಪನ ಹೆಸರು ಹೇಳಿದ. ಅಂದು ಅವನ ಕುರಿಗಳು ನಮ್ಮ ಹಿತ್ತಲಲ್ಲೇ ಇದ್ದವು, ಊರು ನಂಬಿತು. ನಿಮ್ಮವರನ್ನು ಬಚ್ಚಿಟ್ಟ ಮನೆಯೆಂದು ನೀನು ಪ್ರತಿ ರಂಜಾನಿಗೆ ಸುರ್ಕುಂಬಾ ಪಾಯಸ ಕಳಿಸುತ್ತೀಯ. ಒಂದು ವರ್ಷವೂ ಬಿಡದೆ ಕುಡಿದಿದ್ದೇನೆ.

ನಿನ್ನೆ ದೀಪಿಕಾಳನ್ನು ಮತ್ತೆ ಕರೆಸಿ ಇದಿಷ್ಟನ್ನೂ ರೆಕಾರ್ಡ್ ಮಾಡಿಸಿದೆ. ಮೊದಲಿನ ಸುಳ್ಳನ್ನು ಅಳಿಸಬೇಡ, ಅದೂ ಇರಲಿ ಎಂದೆ. ಅವಳು ಅತ್ತಳು. “ಕತ್ತಿ ಮುಂದ ಒಂಬತ್ತು ವರ್ಷದ ಕೂಸು ಏನ್ ಮಾಡಾಕ ಆಗ್ತಿತ್ರೀ? ನಿಮ್ಮ ತಪ್ಪಿಲ್ಲ ಬಿಡ್ರಿ,” ಎಂದು ನನ್ನ ಕೈ ಹಿಡಿದಳು. ಅವಳು ಕ್ಷಮಿಸಿದಳೆಂದು ನೀನು ಕ್ಷಮಿಸಬೇಕಿಲ್ಲ.

ನಿನ್ನ ಗೆಳತಿ ಎಂದು ಬರೆಯಲಾರದ,
ಕಲ್ಯಾಣಮ್ಮ

ತಾ.ಕ.: ಕತ್ತಿ ಇರಲಿಲ್ಲ. ಅಪ್ಪ ಕೊಟ್ಟ ಮಜ್ಜಿಗೆ ಕುಡಿದು ಆ ಗುಂಪಿನವರು ಊರ ಅಗಸಿ ಬಾಗಿಲು ದಾಟಿದ್ದರು. ಹುಸೇನನಿಗೆ ಜ್ವರವೆಂದು ಅವ್ವ ನಾಲ್ಕು ದಿನದಿಂದ ನನ್ನ ಪಾಲಿನ ಹಾಲನ್ನು ಹಗೇವಿಗೆ ಇಳಿಸುತ್ತಿದ್ದಳು. ಆ ಸಿಟ್ಟಿಗೆ ನಾನೇ ಗುಂಪಿನ ಹಿಂದೆ ಓಡಿಹೋಗಿ ಅವರನ್ನು ಕರೆದುಕೊಂಡು ಬಂದೆ. ದೀಪಿಕಾಳಿಗೆ ಇದನ್ನು ಹೇಳಲಾಗಲಿಲ್ಲ. ಅವಳು ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ.